ಸಹಾಯ ಬೇಕು: 1968ರ ಅಂಬಾಸಿಡರ್ ಮಾರ್ಕ್ 2 ಹೆಡ್‌ಲೈಟ್ ಗಾಜು

ನಮಸ್ಕಾರ ಗೆಳೆಯರೇ. ಅಜ್ಜನ ಗಾಡಿಯನ್ನು ಮೊದಲಿನ ರೂಪಕ್ಕೆ ತರುತ್ತಿದ್ದೇನೆ. ಬಲಗಡೆ ಹೆಡ್‌ಲೈಟ್ ಗಾಜು ಒಡೆದಿದೆ. ಎಡಗಡೆಯದು ಹಳೆಯದೇ, ಮೇಲೆ ಲೂಕಾಸ್ ಅಂತ ತಯಾರಕರ ಹೆಸರು ಉಬ್ಬಕ್ಷರದಲ್ಲಿದೆ, ಬೆಳಕನ್ನು ಹರಡುವ ಒಳಗಿನ ಗೆರೆಗಳು ಬೆರಳಿಗೆ ಸಿಗುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕ ಏಳಿಂಚಿನ ಗಾಜು ಅಳತೆಗೇನೋ ಸರಿಯಾಗಿ ಕೂತಿತು, ಆದರೆ ರಾತ್ರಿ ಗೋಡೆ ಮೇಲೆ ಬಿಟ್ಟು ನೋಡಿದರೆ ಡಿಮ್‌ನಲ್ಲಿ ಬೆಳಕು ಬಲಕ್ಕೆ ಮೇಲೇರುತ್ತಿದೆ. ಅದು ರಸ್ತೆಯ ಬಲಬದಿಯಲ್ಲಿ ಓಡಿಸುವ ದೇಶಗಳ ಗಾಜು. ನಮ್ಮಲ್ಲಿ ಹಾಕಿದರೆ ಎದುರು ಬರುವವರ ಕಣ್ಣು ಕುಕ್ಕುತ್ತದೆ, ಅಲ್ವಾ? ಸುಮ್ನೆ ಹೊಸ ಹ್ಯಾಲೊಜೆನ್ ಸೆಟ್ ಹಾಕಿಸು ಅನ್ನುತ್ತಾರೆ, ನನಗೆ ಮನಸ್ಸಿಲ್ಲ. ಎರಡೂ ಗಾಜು ಒಂದೇ ಥರ ಇರಬೇಕು. ಹಳೇ ಗಾಜಿನ ಗೆರೆ ನೋಡಿ ಅದು ಯಾವ ಮಾದರಿ ಅಂತ ಗುರುತಿಸಬಲ್ಲವರು ದಯವಿಟ್ಟು ತಿಳಿಸಿ. ಯಾರ ಹತ್ತಿರವಾದರೂ ಹಳೆಯದೊಂದು ಬಿದ್ದಿದ್ದರೆ ನಾನೇ ಬಂದು ತಗೊಳ್ಳುತ್ತೇನೆ.