ಹಳೆ ಮನೆ ರೀವೈರಿಂಗ್: ಸಾಕೆಟ್ 450 ಮಿ.ಮೀ.ಗೆ ಏರಿಸಲೇಬೇಕಾ?

ಪ್ರಶ್ನೆ: ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 1900ರ ಆಸುಪಾಸಿನ ಟೆರೇಸ್ ಮನೆ (ಅಕ್ಕಪಕ್ಕ ಅಂಟಿಕೊಂಡ ಸಾಲುಮನೆ) ತಗೊಂಡಿದ್ದೀವಿ. ಪೂರ್ತಿ ರೀವೈರ್ ಆಗಬೇಕು. ಸಾಕೆಟ್‌ಗಳೆಲ್ಲ ಗೋಡೆ ಬುಡದ ಸ್ಕರ್ಟಿಂಗ್ ಹಲಗೆಯಲ್ಲೇ ಇವೆ. ಒಬ್ಬ ಎಲೆಕ್ಟ್ರಿಷಿಯನ್ 450 ಮಿ.ಮೀ.ಗೆ ಏರಿಸದಿದ್ರೆ ಕಾನೂನು ಮೀರಿದಂತೆ ಅಂತಾರೆ, ಇನ್ನೊಬ್ಬರು ಇದ್ದಲ್ಲೇ ಇರಲಿ ಅಂತಾರೆ. ಯಾರ ಮಾತು ಸರಿ?

ಉತ್ತರ: ಕಾನೂನಿನ ಪ್ರಕಾರ ಎರಡನೆಯವರದ್ದು. ನೆಲದಿಂದ 450ರಿಂದ 1200 ಮಿ.ಮೀ. ಅನ್ನೋದು ಕಟ್ಟಡ ನಿಯಮಗಳ ಪಾರ್ಟ್ ಎಂ ಮಾರ್ಗಸೂಚಿಯ ಅಳತೆ, ಅದು ಹೊಸದಾಗಿ ಕಟ್ಟೋ ಮನೆಗೆ. ರೀವೈರ್‌ಗೆ ಷರತ್ತು ಇಷ್ಟೇ: ಮೊದಲಿಗಿಂತ ಕಡೆಯಾಗಬಾರದು. ವೈರಿಂಗ್ ನಿಯಮ ಬಿಎಸ್ 7671 ಕೂಡ ಅಂಕಿ ಕೊಡಲ್ಲ, ಪ್ಲಗ್‌ಗೂ ಫ್ಲೆಕ್ಸ್‌ಗೂ (ಉಪಕರಣದ ವೈರ್) ಏಟು ಬೀಳದಷ್ಟು ಮೇಲಿರಲಿ ಅನ್ನುತ್ತೆ.

ಆದರೂ ಏರಿಸಿ. ಅಲ್ಲಿನ ಪ್ಲಗ್‌ನಲ್ಲಿ ಫ್ಲೆಕ್ಸ್ ಹೊರಬರೋದು ಕೆಳಗಡೆಯಿಂದ. ಸ್ಕರ್ಟಿಂಗ್‌ನಲ್ಲಿ ಅದು ನೆಲಕ್ಕೆ ಒತ್ತಿ ಮಡಚಿಕೊಂಡು ಬುಡದಲ್ಲೇ ಸವೆಯುತ್ತೆ. ಎತ್ತರ ಅಳೆಯೋದು ಮುಗಿದ ನೆಲದಿಂದ, ಸಾಕೆಟ್‌ನ ಮಧ್ಯರೇಖೆಗೆ. ಈಗಿನ ನೆಲದ ಮೇಲೆ 18 ಮಿ.ಮೀ. ಹಲಗೆ ಹಾಸೋದಿದ್ರೆ ಅದನ್ನ ಈಗಲೇ ಅಳತೆಗೆ ಸೇರಿಸಿ. ಹಳೆ ಮನೆಯ ನೆಲ ಇಳಿದಿರುತ್ತೆ, ಹಾಗಾಗಿ ಕೋಣೆಯಲ್ಲಿ ನೆಲ ಅತಿ ಎತ್ತರ ಇರೋ ಜಾಗದಲ್ಲಿ 450 ಗುರುತು ಹಾಕಿ ಅಲ್ಲಿಂದ ಲೇಸರ್ ಗೆರೆ ಎಳೀರಿ. ಉಳಿದ ಕಡೆ ಹೆಚ್ಚಾಗುತ್ತೆ, ಕಡಿಮೆಯಂತೂ ಆಗಲ್ಲ.

ಎತ್ತರ ಏನೇ ಇರಲಿ, ಪೂರ್ತಿ ರೀವೈರ್ ಅನ್ನೋದು ಕಟ್ಟಡ ನಿಯಮಗಳ ಪಾರ್ಟ್ ಪಿ (ವಿದ್ಯುತ್ ಸುರಕ್ಷತೆಯ ಭಾಗ) ಅಡಿ ಕಟ್ಟಡ ನಿಯಂತ್ರಣ ವಿಭಾಗಕ್ಕೆ ತಿಳಿಸಲೇಬೇಕಾದ ಕೆಲಸ. ನಿಯಮ ಪಾಲಿಸಿದ್ದಕ್ಕೆ ಪ್ರಮಾಣಪತ್ರ ಕೈಗೆ ಬರೋವರೆಗೆ ಕೊನೇ ಕಂತು ಕೊಡಬೇಡಿ, ಮನೆ ಮಾರುವಾಗ ವಕೀಲರು ಮೊದಲು ಕೇಳೋದೇ ಅದು.

ಪ್ರಶ್ನೆ: ಹಾಗಾದ್ರೆ ಗೋಡೆಯೆಲ್ಲ ಕೊರೀಬೇಕಾ?

ಉತ್ತರ: ಇಲ್ಲ. ಮರದ ನೆಲವಾದ್ರೆ ಕೇಬಲ್ ಅದರಡಿಯಿಂದಲೇ ಬರುತ್ತೆ, ಸಾಕೆಟ್‌ಗೆ ಅರ್ಧ ಮೀಟರ್‌ಗಿಂತ ಕಡಿಮೆ ಸೀಳು ಸಾಕು. ನೇರ ಲಂಬವಾಗಿರಲಿ, ಓರೆ ಬೇಡ. ನಾಳೆ ಮೊಳೆ ಹೊಡೆಯೋರು ಸಾಕೆಟ್ ನೋಡಿಯೇ ಕೇಬಲ್ ಎಲ್ಲಿದೆ ಅಂತ ಊಹಿಸೋದು. 50 ಮಿ.ಮೀ.ಗಿಂತ ಕಡಿಮೆ ಆಳದಲ್ಲಿದ್ರೆ 30 ಮಿಲಿಆಂಪ್ ಆರ್‌ಸಿಡಿ (ವಿದ್ಯುತ್ ಸೋರಿದ್ರೆ ತಕ್ಷಣ ಕಡಿದುಹಾಕೋ ಸ್ವಿಚ್) ರಕ್ಷಣೆಯೂ ಇರಬೇಕು. ಲಂಬ ಸೀಳಿನ ಆಳ ಗೋಡೆ ದಪ್ಪದ ಮೂರನೇ ಒಂದು, ಅಡ್ಡ ಸೀಳಿನದ್ದು ಆರನೇ ಒಂದು ಮೀರಬಾರದು. ಒಳಗಿನ ಅರ್ಧ ಇಟ್ಟಿಗೆ ಗೋಡೆ ಸುಮಾರು 102 ಮಿ.ಮೀ. ಇರುತ್ತೆ, ಅಂದ್ರೆ ಲಂಬ 34, ಅಡ್ಡ ಬರೀ 17. ಎರಡು ಕೋಣೆಯ 35 ಮಿ.ಮೀ. ಆಳದ ಸಾಕೆಟ್ ಬಾಕ್ಸ್‌ಗಳನ್ನ ಬೆನ್ನಿಗೆ ಬೆನ್ನು ಕೂರಿಸಿದ್ರೆ ನಡುವೆ ಉಳಿಯೋದು 32 ಮಿ.ಮೀ. ಇಟ್ಟಿಗೆ, ಉಳಿ ಏಟಿಗೆ ಅದೂ ಉದುರುತ್ತೆ. ಒಂದನ್ನ ಪಕ್ಕಕ್ಕೆ ಸರಿಸಿ.

ಮರದ ಪಟ್ಟಿ ಮೇಲೆ ಗಾರೆ ಬಳಿದ ಗೋಡೆಗೆ ಸುತ್ತಿಗೆ ತಾಗಿಸಲೇಬೇಡಿ, ಮಲ್ಟಿಟೂಲ್‌ನಲ್ಲಿ (ಸಣ್ಣ ಬ್ಲೇಡಿನ ಕೈಯಂತ್ರ) ಕುಯ್ಯಿಸಿ. ಅದುರಿದ್ರೆ ಪಟ್ಟಿ ಸಂದಿಯಲ್ಲಿ ಕಚ್ಚಿಕೊಂಡ ಗಾರೆ ಬಿಟ್ಟು ಹಾಳೆಹಾಳೆಯಾಗಿ ಬೀಳುತ್ತೆ.

ಇನ್ನೊಬ್ಬರ ಪ್ರಶ್ನೆ: ನಮ್ಮದು ಗ್ರೇಡ್ 2 ಲಿಸ್ಟೆಡ್ (ಸಂರಕ್ಷಿತ ಪಟ್ಟಿಗೆ ಸೇರಿದ) ಕಟ್ಟಡ. ಇದೇ ದಾರಿನಾ?

ಉತ್ತರ: ಅಲ್ಲ. ಹಳೆ ಗಾರೆ, ಗೋಡೆಯ ಮರದ ಪ್ಯಾನೆಲ್ ಮುಟ್ಟೋ ಮೊದಲು ಕೌನ್ಸಿಲ್‌ನ (ಸ್ಥಳೀಯ ಆಡಳಿತ) ಸಂರಕ್ಷಣಾಧಿಕಾರಿಯನ್ನ ಕೇಳಿ. ಅಗತ್ಯವಿದ್ದ ಅನುಮತಿ ಇಲ್ಲದೆ ಕೆಲಸ ಮಾಡಿಸೋದು ಅಪರಾಧ. ಅಲ್ಲಿ ಸ್ಕರ್ಟಿಂಗ್‌ನ ಹಳೆ ರಂಧ್ರವನ್ನೇ ಮತ್ತೆ ಬಳಸೋದು ಒಳ್ಳೇದು.