ಕ್ಯಾಬಿನೆಟ್ ಕೀಳದೆ ಬಾತ್‌ರೂಮ್ ನೆಲ ಬದಲಿಸಿದವರು ಯಾರಾದ್ರೂ ಇದ್ದೀರಾ?

ಹಳೇ ನೆಲ:
ಬಾತ್‌ರೂಮ್ 5 ಅಡಿಗೆ 8 ಅಡಿ. ವಾಶ್‌ಬೇಸಿನ್ ಕೆಳಗಿನ ಕ್ಯಾಬಿನೆಟ್ ಗೋಡೆಯಿಂದ ಗೋಡೆಗೆ ಇದೆ, ಮೇಲಿನ ಕಲ್ಲು ಗೋಡೆಯೊಳಗೆ ಸೇರಿದೆ. ಎತ್ತಿದರೆ ಒಡೆಯೋದು ಖಂಡಿತ. ಕಾಲಿಲ್ಲದ ಪೆಟ್ಟಿಗೆ, ನೇರ ನೆಲಕ್ಕೇ ಕೂತಿದೆ. ಅದರ ಒಂದು ಮೂಲೆ ಓರೆಯಾಗಿ ಕಮೋಡ್ ಕಡೆ ಚಾಚಿದೆ, ನಡುವೆ ಅಂಗೈಯಗಲ ಜಾಗ. ಟೈಲ್ಸ್ ಅಲ್ಲಲ್ಲಿ ಬಿರುಕು, ತಟ್ಟಿದರೆ ಎರಡು ಕಡೆ ಟೊಳ್ಳು ಸದ್ದು. ಬಾಗಿಲು ಒಳಕ್ಕೆ ತೆರೆಯುತ್ತೆ, ಕೆಳಗೆ 10 ಮಿ.ಮೀ. ಸಂದು. ದುಡ್ಡು ಕಮ್ಮಿ. ಒಡೆಸಲಾ, ಟೈಲ್ಸ್ ಮೇಲೇ ಟೈಲ್ಸ್ ಹಾಕಿಸಲಾ, ವಿನೈಲ್ (ಪ್ಲಾಸ್ಟಿಕ್ ನೆಲಹಾಸು) ಹಾಸಲಾ?

ಕರಣೆ ಕೈ:
ಟೈಲ್ಸ್ ಮೇಲೆ ಟೈಲ್ಸ್. ಕಣ್ಣು ಮುಚ್ಚಿ ಹಾಕಿಸಿ. ನಮ್ಮನೇಲಿ ಹಾಗೇ ಮಾಡಿದ್ದು, ಇವತ್ತಿಗೂ ಒಂದು ಟೈಲ್ ಅಲ್ಲಾಡಿಲ್ಲ. ಎಲ್ಲರೂ "ಬಿದ್ದೋಗುತ್ತೆ" ಅಂದ್ರು. ಬೀಳೋದು ಸಿಮೆಂಟ್ ಹಾಲು ಸುರಿದು ಅಂಟಿಸಿದವರದ್ದು. ನಾನು ತಂದಿದ್ದು ಸಿ2ಟಿಇ ದರ್ಜೆ ಅಂಟು, ಅಂದ್ರೆ ಟೈಲ್ ಜಾರದ, ಬೇಗ ಒಣಗದ ಗಟ್ಟಿ ಸಿಮೆಂಟ್ ಅಂಟು. 20 ಕೆ.ಜಿ. ಚೀಲ, 3 ಮಿ.ಮೀ. ದಪ್ಪಕ್ಕೆ ಹಚ್ಚಿದರೆ ನಾಲ್ಕು ಚದರ ಮೀಟರ್ ಚಿಲ್ಲರೆ ಬರುತ್ತೆ. ಹಳೇ ಟೈಲ್ಸಿನ ಹೊಳಪನ್ನ ಗ್ರೈಂಡರಲ್ಲಿ ಕೆರೆದು, ಸೋಪಿನ ಜಿಡ್ಡು ತೊಳೆದು, ಪ್ರೈಮರ್ ಬಳಿದು ಆಮೇಲೆ ಹಾಕಿದ್ದು. ಹಲ್ಲಿನ ಕರಣೆಯಲ್ಲಿ ಎಳೆದು, ಒಂದು ಟೈಲ್ ಎತ್ತಿ ಹಿಂಭಾಗ ನೋಡಬೇಕು; ಒದ್ದೆ ಜಾಗದಲ್ಲಿ ನೂರಕ್ಕೆ 95 ಭಾಗ ಅಂಟು ಹತ್ತಿರಬೇಕು. ಖರ್ಚು ತಿಂದಿದ್ದು ಟೈಲ್ ಅಲ್ಲ, ಕತ್ತರಿಸಿದ ಚೂರು! ಎಲ್ಲರೂ ಹತ್ತು ಪರ್ಸೆಂಟ್ ಜಾಸ್ತಿ ತನ್ನಿ ಅಂತಾರೆ, ಓರೆ ಮೂಲೆ ಇದ್ದರೆ ಹದಿನೈದು ಹಿಡೀರಿ. ಡೈಮಂಡ್ ಬ್ಲೇಡ್ ಬೇರೆ ಸವೆದು ಹೋಯ್ತು.

ತೇಪೆ:
ಕರಣೆ ಕೈ ಅವರೇ, ನಿಮ್ಮ ಕ್ಯಾಬಿನೆಟ್ಟಿಗೆ ಬಾಗಿಲು ಇದೆಯೋ ಇಲ್ವೋ? 8 ಮಿ.ಮೀ. ಟೈಲು, 4 ಮಿ.ಮೀ. ಅಂಟು, ಅಲ್ಲಿಗೆ ನೆಲ 12 ಮಿ.ಮೀ. ಏರಿತು. ನಮ್ಮ ಕ್ಯಾಬಿನೆಟ್ ಶಟರಿನ ಕೆಳಗೆ ಇದ್ದಿದ್ದೇ 6. ಕೆಲಸ ಮುಗಿದ ಸಂಜೆ ಶಟರ್ ತೆಗೆಯೋಕೆ ಹೋದರೆ ಹೊಸ ಟೈಲಿಗೆ ತಾಗಿ ನಿಂತೇ ಬಿಡ್ತು. ಮೇಸ್ತ್ರಿ ತಣ್ಣಗೆ "ಕೆಳಗೆ ಸ್ವಲ್ಪ ಕತ್ತರಿಸಿ ಸಾರ್" ಅಂದ. ಕತ್ತರಿಸಿದ್ದಕ್ಕೆ ಒಳಗಿನ ಪಾರ್ಟಿಕಲ್ ಬೋರ್ಡ್ ಬಯಲಾಯ್ತು, ನೀರು ಕುಡಿದು ಉಬ್ಬಿತು. ಆಮೇಲೆ ಎಡ್ಜ್ ಪಟ್ಟಿ, ಬಣ್ಣ, ಬಡಗಿ ಕೂಲಿ.

ಕಮೋಡ್ ಕಥೆ ಇನ್ನೂ ಚೆಂದ. ನಮ್ಮದು ಪಿ ಟ್ರ್ಯಾಪ್, ಅಂದ್ರೆ ಕಮೋಡಿನ ಹಿಂದಿನ ಬಾಯಿ ಗೋಡೆಯ ಪೈಪಿಗೆ ಹೋಗೋದು. ಕಮೋಡ್ 12 ಮಿ.ಮೀ. ಮೇಲೆದ್ದ ಮೇಲೆ ಹಿಂದಿನ ಬಾಯಿ ಗೋಡೆಯ ಪೈಪಿಗೆ ಕೂರಲೇ ಇಲ್ಲ. ಕೊನೆಗೆ ಓರೆ ಕನೆಕ್ಟರ್ ಹುಡುಕಿ ಹಾಕಿದ್ದು. ನೆಲದ ಜಾಲರಿಯನ್ನ ಹಳೇ ಮಟ್ಟದಲ್ಲೇ ಬಿಟ್ಟು ಹೋಗಿದ್ದ ಪುಣ್ಯಾತ್ಮ. ಅದೊಂದು ಗುಂಡಿ, ಕೂದಲು ಅಲ್ಲೇ ನಿಲ್ಲುತ್ತೆ. ಅದಕ್ಕೆ ಎತ್ತರಿಸೋ ರಿಂಗ್ ಸಿಗುತ್ತೆ, ಟೈಲ್ಸ್ ಹಾಕೋ ಮೊದಲೇ ಕೂರಿಸಬೇಕು. ಇದ್ಯಾವುದನ್ನೂ ಯಾರೂ ಮೊದಲು ಹೇಳಲ್ಲ.

ಕರಣೆ ಕೈ:
ನಿಮ್ಮ ಮೇಸ್ತ್ರಿ ಅಳತೆ ಹಿಡೀದಿದ್ದಕ್ಕೆ ಟೈಲ್ಸ್ ಏನ್ ಮಾಡುತ್ತೆ?

ಒಣ ಕಾಲು:
ಇಬ್ಬರೂ ಸುಮ್ನಿರಿ. 2 ಮಿ.ಮೀ. ಶೀಟ್ ವಿನೈಲ್ ಅಂತ ಒಂದಿದೆ. ಯಾವ ಶಟರೂ ತಾಗಲ್ಲ, ಯಾವ ಕಮೋಡೂ ಏರಲ್ಲ. ರಟ್ಟು ಜೋಡಿಸಿ, ಟೇಪ್ ಹಾಕಿ, ಕ್ಯಾಬಿನೆಟ್ ಓರೆ, ಕಮೋಡಿನ ಬುಡ, ಪೈಪಿನ ಸುತ್ತ ಎಲ್ಲವನ್ನೂ ನಮೂನೆ ತೆಗೆದೆ. ಅದನ್ನ ಶೀಟಿನ ಮೇಲಿಟ್ಟು ಒಂದೇ ತುಂಡಾಗಿ ಕತ್ತರಿಸಿದ್ದು. ಜೋಡೇ ಇಲ್ಲ ಅಂದ ಮೇಲೆ ನೀರು ಎಲ್ಲಿಂದ ಇಳೀಬೇಕು? ಅಂಚಿಗೆ ಸಿಲಿಕೋನ್. ಒಂದೇ ಕಿರಿಕಿರಿ: ಹಳೇ ಟೈಲ್ಸಿನ ಗೆರೆಗಳನ್ನ ಲೆವೆಲಿಂಗ್ ಪುಡಿ ಕಲಸಿ ತುಂಬಲೇಬೇಕು, ಇಲ್ಲದಿದ್ರೆ ಸ್ವಲ್ಪ ದಿನಕ್ಕೆ ಚೌಕ ಚೌಕ ಮೇಲೆ ಮೂಡುತ್ತೆ. ನನಗೆ ವಿನೈಲಿಗಿಂತ ಆ ಪುಡಿಗೇ ಹೆಚ್ಚು ಹೋಯ್ತು ಅಂದ್ರೆ ನಂಬ್ತೀರಾ?

ನೀರಿನ ವಾಟ:
ಬಕೆಟ್ ಸ್ನಾನ ಮಾಡೋ ನೆಲಕ್ಕೆ ವಿನೈಲ್! ಎಷ್ಟು ದಿನಕ್ಕೆ ಅಂಚು ಏಳುತ್ತೆ ನೋಡ್ತಿರಿ. ನಾವು ಕ್ಲಿಕ್ ಹಲಗೆ, ಅಂದ್ರೆ ಒಂದಕ್ಕೊಂದು ಸಿಕ್ಕಿಸೋ ವಿನೈಲ್ ಹಲಗೆ ಹಾಕಿಸಿದ್ವಿ, "ವಾಟರ್‌ಪ್ರೂಫ್" ಅಂತ ಡಬ್ಬದ ಮೇಲೇ ಬರೆದಿತ್ತು. ವಾಟರ್‌ಪ್ರೂಫ್ ಹಲಗೆ, ಸರಿ. ಅದರ ಅಡಿಗೆ ಇಳಿದ ನೀರು? ಸುತ್ತ 6-8 ಮಿ.ಮೀ. ಸಂದು ಬಿಡಬೇಕು, ಕ್ಯಾಬಿನೆಟ್ ಅಡಿ ಸಿಕ್ಕಿಸಬಾರದು. ನಮ್ಮೋನು ಎರಡೂ ಉಲ್ಟಾ ಮಾಡಿದ. ನೆಲ ಉಬ್ಬಿ ನಡೆದರೆ ಟಪ್ ಟಪ್ ಅಂತಿತ್ತು. ಎತ್ತಿದಾಗ ಬಂದ ವಾಸನೆ ಬರೆಯೋಕಾಗಲ್ಲ.

ಒಣ ಕಾಲು:
ನಾನು ಹೇಳಿದ್ದು ಶೀಟು, ನೀವು ಬೈತಿರೋದು ಹಲಗೆ. ಓದಿ ಬರೀರಿ ಸ್ವಾಮಿ. ಮತ್ತೆ ನಮ್ಮನೇಲಿ ಸ್ನಾನದ ಜಾಗ ಬೇರೆ, ಗಾಜಿನ ಆಚೆ.

ನೀರಿನ ವಾಟ:
ಅದನ್ನ ಮೊದಲೇ ಹೇಳೋದಲ್ವಾ?!

ಸುತ್ತಿಗೆ:
ಟೊಳ್ಳು ಸದ್ದು ಬರತೈತಿ ಅಂತ ಅವರು ಬರದಾರ, ಅದನ್ನ ಒಬ್ಬರೂ ಓದಿಲ್ಲ. ಟೊಳ್ಳಿನ ಮ್ಯಾಲೆ ಏನ ಹಚ್ಚಿದರೂ ಅಷ್ಟ. ನಾವು ಒಡಿಸಿದ್ವಿ ರೀ. ಕ್ಯಾಬಿನೆಟ್ ಹಂಗ ಬಿಟ್ಟು, ಅದರ ಅಂಚಿಗುಂಟ ಮೊದಲ ಕಟ್ಟರ್‌ಲೇ ಗೆರಿ ಹೊಡಿಸಿ, ಆಮ್ಯಾಲೆ ಉಳಿ. ಗೆರಿ ಹೊಡೀದ ಉಳಿ ಹಾಕಿದರ ಪೆಟ್ಟಿಗಿ ಕೆಳಗಿನ ಟೈಲ್ಸೂ ಎದ್ದು ಬರತಾವ. ಹೊಸ ಗಾರಿ, ನೀರ ಹರಿಯಾಕ ಮೀಟರಿಗೆ 10-12 ಮಿ.ಮೀ. ವಾಟ (ಇಳಿಜಾರು), ವಾಟರ್‌ಪ್ರೂಫಿಂಗ್ ಎರಡು ಕೋಟು, 24 ತಾಸು ನೀರ ನಿಲ್ಲಿಸಿ ನೋಡಿದ್ವಿ. ಕೆಳಗಿನ ಮನಿ ಛತ್ತು ಒಣಾನ ಇತ್ತು. ಧೂಳ ಮಾತ್ರ ಕೇಳಬ್ಯಾಡ್ರಿ. ಒಡದ ಮಣ್ಣ ಚೀಲಕ್ಕ ತುಂಬಿ ಹೊರಾಕ ಹಾಕಿಸಿದ ಖರ್ಚು ಟೈಲ್ಸ್ ರೊಕ್ಕದ ಅರ್ಧ ಆತು.

ತೇಪೆ:
ವಾಟರ್‌ಪ್ರೂಫಿಂಗ್ ಕ್ಯಾಬಿನೆಟ್ ಅಂಚಿಗೇ ನಿಂತುಬಿಡ್ತಲ್ಲ, ಪೆಟ್ಟಿಗೆ ಅಡಿಗೆ?

ಸುತ್ತಿಗೆ:
ಅಡಿಗೆ ಹೋಗಾಂಗಿಲ್ಲ, ಗೊತ್ತೈತಿ. ಅಲ್ಲಿ 3 ಮಿ.ಮೀ. ಸಂದು ಬಿಟ್ಟು ಸಿಲಿಕೋನ್ ತುಂಬಿಸೇವಿ, ಟೈಲ್ಸ್ ನಡುವಿನ ಗೆರಿಗೆ ತುಂಬೋ ಗ್ರೌಟ್ ಅಲ್ಲ. ಗ್ರೌಟ್ ತುಂಬಿದರ ಅಲ್ಲೇ ಸೀಳತೈತಿ.

ಕರಣೆ ಕೈ:
ಎಪಾಕ್ಸಿ ಗ್ರೌಟ್ (ಸಿಮೆಂಟ್ ಬದಲು ರಾಳದ್ದು) ಸೀಳಲ್ಲ.

ಸುತ್ತಿಗೆ:
ಕಟ್ಟಿಗಿ ಪೆಟ್ಟಿಗಿ ಅಲ್ಲಾಡೋ ಕಡೆ ಎಪಾಕ್ಸಿನೂ ಸೀಳತೈತಿ ರೀ. ಗಟ್ಟಿ ಇದ್ದಷ್ಟು ಜಲ್ದಿ.

ಕರಣೆ ಕೈ:
ನಮ್ಮನೇಗೆ ಬಂದು ನೋಡಿ.

ಬಿಳಿ ಸಿಮೆಂಟ್:
ಎಪಾಕ್ಸಿ ಎಲ್ಲ ದುಡ್ಡು ಹೆಚ್ಚಾದವರಿಗೆ. ಒರೆಸೋದು ತಡವಾದರೆ ಟೈಲಿನ ಮೇಲೇ ಕಲ್ಲಾಗುತ್ತೆ, ನನ್ನ ಉಗುರು ಹೋಗಿದೆ ಅದನ್ನ ಕೆರೆದು. ನಮ್ಮಪ್ಪನ ಕಾಲದಲ್ಲಿ ಬಿಳಿ ಸಿಮೆಂಟಿಗೇ ಬಣ್ಣ ಕಲಸಿ ತಿಕ್ಕುತ್ತಿದ್ದರು.

ಒಣ ಕಾಲು:
ನಿಮ್ಮಪ್ಪನ ಕಾಲದ ಗೆರೆ ಈಗ ಯಾವ ಬಣ್ಣ ಇದೆ, ಫೋಟೊ ಹಾಕಿ.

ಬಿಳಿ ಸಿಮೆಂಟ್:
ಕಪ್ಪು. ಆದರೆ ಗಟ್ಟಿಯಾಗಿದೆ.

ಹಳೇ ನೆಲ:
ಎಲ್ಲರಿಗೂ ಥ್ಯಾಂಕ್ಸ್. ನನ್ನ ಬಾಗಿಲಿನ ಕೆಳಗಿನ 10 ಮಿ.ಮೀ. ಬಗ್ಗೆ ಯಾರಾದ್ರೂ...

ತೇಪೆ:
ಮೇಲೆ ಹಾಕಿಸಿದರೆ ಬಾಗಿಲು ಕುಯ್ಯಿಸಲೇಬೇಕು. ಕುಯ್ದ ಅಂಚಿಗೆ ಅವತ್ತೇ ಬಣ್ಣ ಹೊಡೆಸಿ, ನಾಳೆ ಅಂತ ಬಿಡಬೇಡಿ. ಟೊಳ್ಳಿರೋ ಟೈಲ್ಸ್ ಮಾತ್ರ ಎತ್ತಿಸಿ ಗಾರೆ ತುಂಬಿಸಿದರೆ ಉಳಿದಿದ್ದರ ಮೇಲೆ ಹಾಕಬಹುದು.

ಸುತ್ತಿಗೆ:
ತುಂಬಿಸಿದರ ಆತು ಅಂತೀರಿ, ಉಳಿದದ್ದು ನಾಳೆ ಟೊಳ್ಳ ಆಗಾಂಗಿಲ್ಲೇನು?

ಕರಣೆ ಕೈ:
ನಮ್ಮದು ಆಗಿಲ್ಲ.