ಎನ್-ನಂಬರ್ (ಅಮೆರಿಕದ ವಿಮಾನ ನೋಂದಣಿ ಸಂಖ್ಯೆ) ಹಾಕಿದರೆ ಬ್ಯಾಂಕಿನ ಹೆಸರು ಬರುತ್ತಿದೆ, ವಿಮಾನದ ನಿಜವಾದ ಒಡೆಯರು ಯಾರು?

ಪ್ರಶ್ನೆ: ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ನೋಂದಣಿ ಪುಟದಲ್ಲಿ ಹುಡುಕಿದರೆ ಮಾಲೀಕರ ಜಾಗದಲ್ಲಿ ಬ್ಯಾಂಕೊಂದರ ಹೆಸರು, ಪಕ್ಕದಲ್ಲಿ 'ಟ್ರಸ್ಟೀ' ಎಂದಿದೆ. ಮುಂದೇನು ಮಾಡಬೇಕು?

ಉತ್ತರ 1: ಕಾನೂನಿನ ಲೆಕ್ಕದಲ್ಲಿ ಬ್ಯಾಂಕೇ ಮಾಲೀಕ. ವಿದೇಶಿಯರು ಸಾಮಾನ್ಯವಾಗಿ ನೇರ ನೋಂದಣಿ ಮಾಡಿಸಲಾಗದು, ಅದಕ್ಕೇ ಹೆಚ್ಚಾಗಿ ಟ್ರಸ್ಟ್, ಅಂದರೆ ಬೇರೊಬ್ಬರ ಪರವಾಗಿ ಬ್ಯಾಂಕ್ ವಿಮಾನವನ್ನು ತನ್ನ ಹೆಸರಲ್ಲಿ ಇಟ್ಟುಕೊಳ್ಳುವ ಏರ್ಪಾಡು. ಒಕ್ಲಹೋಮ ಸಿಟಿಯಲ್ಲಿರುವ ಎಫ್‌ಎಎ ದಾಖಲೆ ವಿಭಾಗದಿಂದ ವಿಮಾನದ ಪೂರ್ತಿ ಕಡತ ತರಿಸಿ. ಮಾರಾಟ ಪತ್ರ, ಸಾಲದ ಪತ್ರಗಳು, ಕೆಲವೊಮ್ಮೆ ಗುತ್ತಿಗೆ ಪತ್ರವೂ ಇರುತ್ತದೆ. ಸಹಿ ಹಾಕಿದವರ ಹೆಸರೇ ಒಳ್ಳೆಯ ಸುಳಿವು.

ಉತ್ತರ 2: ಅದಕ್ಕೂ ಮೊದಲು ವಿಮಾನಕ್ಕೆ ತಯಾರಕರು ಕೊಟ್ಟ ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಿ. ಎನ್-ನಂಬರ್ ನಾಳೆ ಬೇರೆ ವಿಮಾನಕ್ಕೆ ಹೋಗಬಹುದು, ಸೀರಿಯಲ್ ಬದಲಾಗದು. ಎನ್-ನಂಬರಿನಲ್ಲಿ ಐ, ಓ ಅಕ್ಷರಗಳಿಲ್ಲ. ಫೋಟೋದಲ್ಲಿ ಹಾಗೆ ಕಂಡರೆ 1, 0 ಎಂದೇ ಒತ್ತಿ.

ಉತ್ತರ 3: 2025ರಿಂದ ಖಾಸಗಿ ಮಾಲೀಕರು ತಮ್ಮ ಹೆಸರು, ವಿಳಾಸ ಮರೆಮಾಡುವಂತೆ ಕೋರಬಹುದು. ವಿವರ ಕಾಣದಿದ್ದರೆ ಪುಟ ಕೆಟ್ಟಿದೆ ಎಂದುಕೊಳ್ಳಬೇಡಿ.